ಹದಿನಾರರ ಕೈಗೆ ಹಳೆಯ ಕಾರು

ಹಳೆಯ ಮೋಟಾರನ್ನು ಕೊಳ್ಳುವವರಲ್ಲಿ ಎರಡು ವರ್ಗ. ಹೊಸದಕ್ಕೆ ಹಣ ಸಾಲದವರು ಒಂದು ವರ್ಗ. ಹೊಸದೇ ಬೇಡವೆನ್ನುವವರು ಇನ್ನೊಂದು ವರ್ಗ. ಮೊದಲಿನವರ ಕಷ್ಟ ಊರಿಗೆಲ್ಲ ಅರ್ಥವಾಗುತ್ತದೆ. ಎರಡನೆಯವರ ಸುಖ ಅವರ ಮನೆಯವರಿಗೂ ಅರ್ಥವಾಗುವುದಿಲ್ಲ. ಈಚೆಗೆ ಮೂರನೆಯ ವರ್ಗವೊಂದು ಹುಟ್ಟಿಕೊಂಡಿದೆ. ಹರೆಯಕ್ಕೆ ಕಾಲಿಟ್ಟ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು, ಮೂಲೆಗೆ ಬಿದ್ದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದು, ಬಿಚ್ಚಿ, ತೊಳೆದು, ತಿರುಗಿ ಕಟ್ಟಿ ಓಡಿಸಬೇಕೆನ್ನುವ ತಂದೆತಾಯಂದಿರ ವರ್ಗವದು.

ಆಸೆ ಒಳ್ಳೆಯದು. ಹದಿನಾರು ವರ್ಷದ ಹುಡುಗ ತಂದೆಯೊಡನೆ ಮಾತನಾಡುವುದನ್ನು ಬಿಟ್ಟಿರುತ್ತಾನೆ. ಆದರೆ ಅದೇ ಹುಡುಗ ತುಕ್ಕು ಹಿಡಿದ ನಟ್ಟೊಂದನ್ನು ಬಿಚ್ಚುವಾಗ, ಸ್ಪ್ಯಾನರಿನ ಇನ್ನೊಂದು ತುದಿಯನ್ನು ಹಿಡಿದಿರುವ ತಂದೆಯೊಡನೆ ಮಾತನಾಡದೆ ನಿರ್ವಾಹವಿಲ್ಲ. ಹೀಗಿದ್ದೂ ಇಂಥ ಕಾರುಗಳಲ್ಲಿ ಅನೇಕವು ಕೊನೆಗೆ ಹಿತ್ತಿಲಿನ ತಾಡಪತ್ರಿಯ ಕೆಳಗೆ ಕೋಳಿಗಳಿಗೆ ನೆರಳಾಗಿ ಉಳಿಯುತ್ತವೆ. ಅದಕ್ಕೆ ಕಾರಣ ಹಣದ ಅಭಾವವೇ ಆಗಿರಬೇಕೆಂದಿಲ್ಲ. ಹಣದ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ; ಕಾಲದ ಲೆಕ್ಕವನ್ನು ಹಾಕುವವರು ವಿರಳ. ಐವತ್ತು ವರ್ಷ ಕಾದ ಕಾರು ಇನ್ನೂ ಐದು ವರ್ಷ ಕಾದೀತು. ಹದಿನಾರರ ಮಗ ಕಾಯುವುದಿಲ್ಲ.

ಎರಡು ವರ್ಷದ ಲೆಕ್ಕ

ನಮ್ಮ ದೇಶದ ಕಾನೂನೇ ಈ ಕೆಲಸಕ್ಕೆ ಒಂದು ಅವಧಿಯನ್ನು ಗೊತ್ತುಪಡಿಸಿದೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಕಾರು ನಡೆಸಲು 18 ವರ್ಷ ತುಂಬಿರಬೇಕು. ಗೇರಿರುವ ಮೋಟಾರ್ ಸೈಕಲ್ಲಿಗೂ ಅದೇ ವಯಸ್ಸು. 2019ರ ತಿದ್ದುಪಡಿಯ ತರುವಾಯ, ಪ್ರಾಯಕ್ಕೆ ಬಾರದ ಮಕ್ಕಳು ಕಾನೂನು ಮೀರಿ ವಾಹನ ನಡೆಸಿ ಅಪರಾಧಿಗಳಾದರೆ ಪೋಷಕರೂ ವಾಹನದ ಮಾಲಿಕರೂ ಹೊಣೆಗಾರರಾಗುತ್ತಾರೆ. ಮೂರು ವರ್ಷಗಳವರೆಗಿನ ಸಜೆ, 25,000 ರೂಪಾಯಿ ದಂಡ, ಒಂದು ವರ್ಷ ವಾಹನದ ನೋಂದಣಿ ರದ್ದು, ಶಿಕ್ಷೆ ಸಣ್ಣದಲ್ಲ. ಆದುದರಿಂದ ಹದಿನಾರರಲ್ಲಿ ಕೆಲಸಕ್ಕೆ ತೊಡಗಿದವರು ಹದಿನೆಂಟರಲ್ಲಿ ಮುಗಿಸಿದರೆ ಕಾರಿಗೂ ಮಗುವಿಗೂ ಒಂದೇ ವೇಳೆಗೆ ರಸ್ತೆ ತೆರೆಯುತ್ತದೆ.

ಹದಿನೆಂಟು ತುಂಬಿದ ಮೇಲೆ ಮಕ್ಕಳು ಮನೆಯಲ್ಲಿರುವುದೂ ಅಪರೂಪವೇ. ಪಿ.ಯು.ಸಿ. ಮುಗಿಯುತ್ತಲೇ ಕಲಬುರಗಿಗೋ ಬೆಂಗಳೂರಿಗೋ ಪುಣೆಗೋ ಪೆಟ್ಟಿಗೆ ಕಟ್ಟುತ್ತಾರೆ. ಉಳಿದಿರುವುದು ಎರಡು ವರ್ಷ, ಅಂದರೆ 104 ಭಾನುವಾರ. ಪರೀಕ್ಷೆ, ಜಾತ್ರೆ, ಮದುವೆ, ಜ್ವರ, ಬಂಧುಗಳ ಆಗಮನ, ಇವುಗಳಿಗೆ ನಲವತ್ತನ್ನು ಕಳೆದರೆ ಅರುವತ್ತುನಾಲ್ಕು ಉಳಿದಾವು. ವಾರಕ್ಕೆ ನಾಲ್ಕು ಗಂಟೆ ದುಡಿದರೆ 256 ಗಂಟೆ. ಬೇಸಿಗೆಯ ರಜೆಗಳನ್ನು ಸೇರಿಸಿದರೆ ಇನ್ನೊಂದಿಷ್ಟು. ಇದು ಆ ಮನೆಯ ನಿಜವಾದ ಬಂಡವಾಳ. ಇಷ್ಟರಲ್ಲಿ ಮುಗಿಯತಕ್ಕ ಗಾಡಿಯನ್ನೇ ಆರಿಸಬೇಕು. ಮನಸ್ಸು ಸೋತ ಗಾಡಿಯನ್ನಲ್ಲ.

ಯಾವ ಕಾರು?

ಸ್ಪೋರ್ಟ್ಸ್ ಕಾರೆಂದೊಡನೆ ಹಿರಿಯರ ಕಣ್ಣಮುಂದೆ ನಿಲ್ಲುವುದು ಇಂಗ್ಲೆಂಡಿನ ಎಂ.ಜಿ. ಅದರ ಟಿ.ಸಿ. ಮಾದರಿ ಎರಡನೆಯ ಮಹಾಯುದ್ಧ ಮುಗಿದ 1945ರಿಂದ 1949ರವರೆಗೆ ಅಬಿಂಗ್ಡನ್ ಕಾರ್ಖಾನೆಯಲ್ಲಿ ಸುಮಾರು ಹತ್ತು ಸಾವಿರ ಸಂಖ್ಯೆಯಲ್ಲಿ ತಯಾರಾಯಿತು. 1250 ಸಿ.ಸಿ. ಎಂಜಿನ್, ಎರಡೇ ಆಸನ, ಎತ್ತರದ ತಂತಿಚಕ್ರ, ಮಡಿಸಿಡುವ ಚಾವಣಿ. ಚೆಲುವಿಗೇನೂ ಕೊರತೆಯಿಲ್ಲ. ಆದರೆ ಅದರ ಮೈಯ ತಗಡುಗಳನ್ನು ಮರದ ಚೌಕಟ್ಟಿನ ಮೇಲೆ ಹೊಡೆದು ಕೂಡಿಸಲಾಗಿದೆ. ಆ್ಯಷ್ ಎಂಬ ಆ ಮರ ನಮ್ಮ ಸೀಮೆಯದಲ್ಲ. ಶೆಡ್ಡಿನಲ್ಲಿ ದಶಕಗಟ್ಟಲೆ ನಿಂತ ಗಾಡಿಯ ತಗಡು ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಗೆದ್ದಲು ಸಂಸಾರ ಹೂಡಿರಬಹುದು. ಅಂಥ ಕಾರಿಗೆ ಮೆಕ್ಯಾನಿಕ್ಕಿಗಿಂತ ಮೊದಲು ನುರಿತ ಬಡಗಿ ಬೇಕು. ಬೆಲೆಯೂ ಮಧ್ಯಮವರ್ಗದ ಮನೆಯ ಅಳವಿಗೆ ಮೀರಿದ್ದು. ಎಂ.ಜಿ.ಯನ್ನು ನೋಡಿ ಸಂತೋಷಪಡುವುದೇ ಲೇಸು.

ಅದಕ್ಕೆ ಹೋಲಿಸಿದರೆ ಸ್ಟ್ಯಾಂಡರ್ಡ್ ಹೆರಾಲ್ಡ್ ನಮ್ಮ ನೆಂಟ. ಇಂಗ್ಲೆಂಡಿನಲ್ಲಿ 1959ರಲ್ಲಿ ಹೊರಬಂದ ಟ್ರಯಂಫ್ ಹೆರಾಲ್ಡನ್ನು ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಕಂಪೆನಿ 1961ರಿಂದ ಸುಮಾರು ಹತ್ತು ವರ್ಷ ಇಲ್ಲಿಯೇ ತಯಾರಿಸಿತು. ರೂಪಿಸಿದವನು ಇಟಲಿಯ ಮಿಕೆಲೋಟ್ಟಿ. ಎಂಜಿನ್ 948 ಸಿ.ಸಿ. ಮಾತ್ರ. ಹೆಸರಿಗೆ ಇದು ಸಂಸಾರಸ್ಥರ ಕಾರು. ಆದರೆ 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಹೆಸರಾಂತ ಸ್ಪೋರ್ಟ್ಸ್ ಕಾರು ಇದರ ಷಾಸಿಯನ್ನೇ ಮೊಟಕುಗೊಳಿಸಿ ಕಟ್ಟಿದುದು. ಮದರಾಸಿನ ಬಳಿಯ ಶೋಲಾವರಂ ವಿಮಾನಪಟ್ಟಿಯ ಓಟಗಳಲ್ಲಿ ಹೆರಾಲ್ಡುಗಳೂ ಧೂಳೆಬ್ಬಿಸಿದ್ದುಂಟು.

ಹದಿನಾರರ ಕೈಗೆ ಈ ಕಾರು ಒಪ್ಪುವುದಕ್ಕೆ ಕಾರಣಗಳುಂಟು. ಇದರ ಮೈ ಒಂದೇ ಅಚ್ಚಿನದಲ್ಲ. ಬೇರೆಯಾದ ಉಕ್ಕಿನ ಷಾಸಿಯ ಮೇಲೆ ಮೈಯ ಭಾಗಗಳನ್ನು ಬೋಲ್ಟುಗಳಿಂದ ಬಿಗಿಯಲಾಗಿದೆ. ಬಿಚ್ಚಿದ್ದನ್ನು ಮರಳಿ ಜೋಡಿಸಬಹುದು. ಬಾನೆಟ್ಟು, ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಹುಡುಗಿಯೊಬ್ಬಳು ಮುಂಚಕ್ರದ ಮೇಲೆ ಕುಳಿತು ಎಂಜಿನ್ನಿನ ಯಾವ ಭಾಗಕ್ಕಾದರೂ ಕೈಹಾಕಬಹುದು. ಸುಮಾರು 25 ಅಡಿಯ ವೃತ್ತದಲ್ಲಿ ತಿರುಗಿ ನಿಲ್ಲುವ ಇದರ ಚಾತುರ್ಯ ಊರಿನ ಓಣಿಗಳಿಗೆ ಹೇಳಿಮಾಡಿಸಿದಂತಿದೆ.

ಕನ್ನಡನಾಡಿನದೇ ಗಾಡಿ ಬೇಕೆನ್ನುವವರಿಗೆ ಬೆಂಗಳೂರಿನ ಸಿಪಾನಿ ಕಂಪೆನಿ 1982ರಲ್ಲಿ ಹೊರತಂದ ಡಾಲ್ಫಿನ್ ಉಂಟು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. ಫೈಬರ್ ಗಾಜಿನ ಮೈ, 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್. ಮೈ ಹಗುರವಾಗಿದ್ದುದರಿಂದ ಪಂದ್ಯದವರು ಇದನ್ನು ಮೆಚ್ಚಿದರು. ಮೈಗೆ ತುಕ್ಕಿನ ಭಯವಿಲ್ಲ, ಬಿಡಿಭಾಗಗಳದೇ ಬವಣೆ.

ನಾಲ್ಕು ಚಕ್ರದ ಹಟವಿಲ್ಲದಿದ್ದರೆ ಇನ್ನೂ ಸುಲಭದ ದಾರಿಯೊಂದಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನ ಮೋಟಾರ್ ಸೈಕಲ್ಲುಗಳನ್ನು ಕಟ್ಟಿತು. 250 ಸಿ.ಸಿ.ಯ ಟೂ ಸ್ಟ್ರೋಕ್ ಎಂಜಿನ್. ಕಿಕ್ ಹೊಡೆಯುವ ಸನ್ನೆಯೇ ಮುಂದಕ್ಕೆ ಮಡಿಸಿದರೆ ಗೇರಿನ ಸನ್ನೆ. ಕೋಣೆಯ ಮೂಲೆಯಲ್ಲಿ ನಿಲ್ಲುತ್ತದೆ, ಇಬ್ಬರು ಎತ್ತಿ ಇಡಬಹುದು, ಕೆಲಸ ಬಲ್ಲ ಹಳೆಯ ಮೇಸ್ತ್ರಿಗಳು ಕನ್ನಡನಾಡಿನ ಊರೂರಿನಲ್ಲಿ ಇನ್ನೂ ಇದ್ದಾರೆ. ಎರಡು ವರ್ಷದ ಬದಲು ಒಂದೇ ವರ್ಷ ಉಳಿದಿರುವ ಮನೆಗೆ ಇದೇ ತಕ್ಕುದು.

ಗಡಿಯೂರಿನ ಕಾಗದಪತ್ರ

ಆಳಂದ ತಾಲ್ಲೂಕಿನ ಖಜೂರಿ ಮಹಾರಾಷ್ಟ್ರದ ಗಡಿಗೆ ಸಮೀಪದ ಊರು. ಅಲ್ಲಿಯ ಗೃಹಸ್ಥರೊಬ್ಬರಿಗೆ ಇಂಥ ಆಸೆ ಹುಟ್ಟಿತೆನ್ನಿ. ಕಾರು ಸಿಕ್ಕುವುದು ಕಲಬುರಗಿಯಲ್ಲಿಯೇ ಎಂದೇನಿಲ್ಲ. ಉಮರ್ಗಾ, ಅಕ್ಕಲಕೋಟೆ, ಸೊಲ್ಲಾಪುರಗಳ ಕಡೆ ಯಾರದೋ ವಾಡೆಯ ಹಿಂದೆ ನಿಂತಿರಬಹುದು. ಊರವರ ಬಾಯಲ್ಲಿ ಕನ್ನಡ, ಮರಾಠಿ ಎರಡೂ ಆಡುವುದರಿಂದ ಬೆಲೆಯ ಮಾತು ಹತ್ತು ನಿಮಿಷದಲ್ಲಿ ಮುಗಿದೀತು. ಕಾಗದದ ಮಾತು ಮುಗಿಯುವುದು ತಡ.

ಬೇರೆ ರಾಜ್ಯದಲ್ಲಿ ನೋಂದಣಿಯಾದ ಗಾಡಿಯನ್ನು 12 ತಿಂಗಳಿಗೂ ಮೀರಿ ಇಲ್ಲಿ ಇಟ್ಟುಕೊಳ್ಳಬೇಕಾದರೆ ಇಲ್ಲಿಯ ನೋಂದಣಿ ಪಡೆಯಬೇಕು. ಅದಕ್ಕೆ ಮೂಲ ಕಚೇರಿಯಿಂದ 28ನೆಯ ನಮೂನೆಯಲ್ಲಿ ನಿರಾಕ್ಷೇಪಣ ಪತ್ರ ಬೇಕು. ತೆರಿಗೆಯನ್ನು ಕರ್ನಾಟಕದಲ್ಲಿ ಕಟ್ಟಬೇಕು. ಮೂಲ ಮಾಲಿಕರು ತೀರಿಕೊಂಡು ಮೂವರು ಮಕ್ಕಳಲ್ಲಿ ಒಬ್ಬರು ಮಾರುತ್ತಿದ್ದರೆ, ಉಳಿದಿಬ್ಬರ ಒಪ್ಪಿಗೆಯ ಕಾಗದವನ್ನು ಮೊದಲೇ ಬರೆಯಿಸಿಕೊಳ್ಳುವುದು ಕ್ಷೇಮ. ಈ ಸೀಮೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದು, ಆಮೇಲೆ ಮೈಸೂರು ರಾಜ್ಯಕ್ಕೆ ಬಂದು, 1973ರಲ್ಲಿ ಕರ್ನಾಟಕವಾಯಿತು. ಬಹಳ ಹಳೆಯ ಗಾಡಿಯ ಪುಸ್ತಕದಲ್ಲಿ ಈ ರಾಜ್ಯಗಳೆಲ್ಲದರ ಮುದ್ರೆ ಕಂಡರೆ ಗಾಬರಿಯಾಗಬೇಕಿಲ್ಲ. ಮುದ್ರೆಗಳ ಸರಪಳಿ ನಡುವೆ ಎಲ್ಲಿಯೂ ಕಡಿದಿರಬಾರದು, ಅಷ್ಟೆ.

ವಿಂಟೇಜ್ ಎಂಬ ಮಾತಿಗೂ ಈಗ ಕಾನೂನಿನ ಅರ್ಥ ಬಂದಿದೆ. ಬ್ರಿಟನ್ನಿನ ಹವ್ಯಾಸಿಗಳು 1930ನೆಯ ಇಸವಿಯವರೆಗಿನ ಕಾರುಗಳಿಗೆ ಮಾತ್ರ ಆ ಗೌರವ ಕೊಡುತ್ತಾರೆ. ನಮ್ಮಲ್ಲಿ 2021ರ ಜುಲೈಯಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಖಾಸಗಿ ಕಾರು, ಮೋಟಾರ್ ಸೈಕಲ್ಲುಗಳು ವಿಂಟೇಜ್. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಬಳಿಕ ನವೀಕರಣಕ್ಕೆ 5,000 ರೂಪಾಯಿ. ಹೊಸದಾಗಿ ನೋಂದಣಿಯಾದ ಗಾಡಿಯ ಸಂಖ್ಯೆಯಲ್ಲಿ ‘ವಿ.ಎ.’ ಎಂಬ ಅಕ್ಷರಗಳಿರುತ್ತವೆ; ಮೊದಲೇ ನೋಂದಣಿಯಾದುದು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಹೆರಾಲ್ಡೂ ಆರಂಭದ ಜಾವಾಗಳೂ ಈ ಪಂಕ್ತಿಯಲ್ಲಿ ಕೂಡಬಹುದು. ಡಾಲ್ಫಿನ್ನಿಗೆ 2032ರವರೆಗೆ ಬಾಗಿಲು ತೆರೆಯುವುದಿಲ್ಲ.

ಈ ಗೌರವಕ್ಕೆ ಕಟ್ಟುಪಾಡುಗಳೂ ಉಂಟು. ಷಾಸಿ, ಮೈ, ಎಂಜಿನ್ ಇವುಗಳನ್ನು ಗಣನೀಯವಾಗಿ ಮಾರ್ಪಡಿಸಿರಬಾರದು. ಪೆಟ್ರೋಲು ದುಬಾರಿಯಾದ ಕಾಲದಲ್ಲಿ ಡೀಸೆಲ್ ಎಂಜಿನ್ ಕೂಡಿಸಿಕೊಂಡ ಹಳೆಯ ಕಾರುಗಳು ನಮ್ಮಲ್ಲಿ ಧಾರಾಳವಾಗಿವೆ. ಅವು ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದು ಕಷ್ಟ. ವಿಂಟೇಜ್ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಯಬಹುದು. ದಿನವೂ ಕಾಲೇಜಿಗೆ ಓಡಿಸುವ ಕನಸು ಮಗಳಿಗಿದ್ದರೆ ಈ ಸಂಗತಿಯನ್ನು ಮೊದಲ ದಿನವೇ ಹೇಳಿಬಿಡಬೇಕು. ಎರಡು ವರ್ಷ ದುಡಿಸಿ ಆಮೇಲೆ ಹೇಳುವುದು ಮೋಸ.

ಕೊಳ್ಳುವ ಮುನ್ನ

ಕಾರು ನೋಡಲು ಹೋಗುವಾಗ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗಬಾರದು. ಟಾರ್ಚು, ಅಯಸ್ಕಾಂತದ ತುಂಡು, ಮೊಂಡಾದ ಸ್ಕ್ರೂ ಡ್ರೈವರು, ನೋಟುಪುಸ್ತಕ, ಇವು ಅವರ ಕೈಯಲ್ಲಿರಲಿ. ಷಾಸಿಯ ಸಂಖ್ಯೆಯನ್ನೂ ಎಂಜಿನ್ನಿನ ಸಂಖ್ಯೆಯನ್ನೂ ಮಗು ಗಟ್ಟಿಯಾಗಿ ಓದಲಿ, ತಂದೆ ಪುಸ್ತಕದೊಡನೆ ತಾಳೆ ನೋಡಲಿ. ಒಂದಂಕಿ ತಪ್ಪಿದರೂ ಮುಂದಿನ ಮಾತು ಬೇಡ. ಅಯಸ್ಕಾಂತ ಹಿಡಿಯದ ಕಡೆ ಬಣ್ಣದ ಕೆಳಗೆ ಉಕ್ಕಿಲ್ಲ, ಪುಟ್ಟಿಯಿದೆ ಎಂದರ್ಥ. ಮಾಲಿಕರ ಅಪ್ಪಣೆ ಪಡೆದು ಷಾಸಿಯ ಕೆಳಭಾಗವನ್ನು ಸ್ಕ್ರೂ ಡ್ರೈವರಿನಿಂದ ಒತ್ತಿ ನೋಡಬೇಕು; ಒಳಕ್ಕೆ ಇಳಿದರೆ ಕೈಮುಗಿದು ಹಿಂದಿರುಗಬೇಕು.

ಈ ವಿಷಯದಲ್ಲಿ ಕಲಬುರಗಿಯ ಒಣ ಹವೆ ಕರಾವಳಿಗಿಂತ ಮೇಲು. ಮಂಗಳೂರಿನ ಉಪ್ಪುಗಾಳಿಯಲ್ಲಿ ಕರಗಿಹೋಗುವ ತಗಡು ಇಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಅದರ ಬದಲು ಇಲ್ಲಿಯ ಬಿಸಿಲು ರಬ್ಬರನ್ನು ಒಡೆಯುತ್ತದೆ, ವೈರಿನ ಮೇಲ್ಹೊದಿಕೆಯನ್ನು ಪುಡಿಮಾಡುತ್ತದೆ, ಆಸನದ ಹೊಲಿಗೆಯನ್ನು ಬಿಡಿಸುತ್ತದೆ. ಅದು ಮರುಗತಕ್ಕ ನಷ್ಟವಲ್ಲ. ವೈರು, ಹೋಸು, ಕುಷನ್ನುಗಳನ್ನು ಹೊಸದಾಗಿ ಮಾಡಿಸಬಹುದು. ಕರಿಮಣ್ಣಿನ ನೆಲದ ಮೇಲೆ ಮಳೆಗಾಲಗಟ್ಟಲೆ ನಿಂತ ಗಾಡಿಯಾದರೆ ಮಾತ್ರ ಕೆಳಭಾಗವನ್ನು ಎರಡು ಸಲ ನೋಡುವುದು ಒಳಿತು. ಆ ಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ.

ಕಾಣೆಯಾದ ಭಾಗಗಳ ಪಟ್ಟಿಯನ್ನು ಅಲ್ಲಿಯೇ ಬರೆದುಕೊಳ್ಳಬೇಕು. ಕೆಟ್ಟುಹೋದ ಭಾಗ ಕಾಣೆಯಾದ ಭಾಗಕ್ಕಿಂತ ಮೇಲು. ಕೆಟ್ಟದ್ದನ್ನು ಮಾದರಿಯಾಗಿ ಮುಂದಿಟ್ಟುಕೊಂಡು ಲೇತ್ ಕೆಲಸದವನು ಹೊಸದನ್ನು ತಿರುವಿಕೊಡಬಲ್ಲ. ಇಲ್ಲದಿರುವುದಕ್ಕೆ ಮಾದರಿಯೇ ಇಲ್ಲ. ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳನ್ನು ನಂಬಿದ ಸೀಮೆಯಾದುದರಿಂದ ವೆಲ್ಡಿಂಗ್, ಲೇತ್, ಮೋಟಾರ್ ರಿವೈಂಡಿಂಗ್ ಬಲ್ಲವರಿಗೆ ಈ ಕಡೆ ಬರವಿಲ್ಲ.

ಕೆಲಸ ಯಾರದು?

ಅನೇಕ ಮನೆಗಳಲ್ಲಿ ಈ ಉದ್ಯಮ ಕೆಡುವುದು ಇಲ್ಲಿ. ತಂದೆ ಬಿಚ್ಚುತ್ತಾನೆ; ಮಗ ಚಿಂದಿ, ಸೀಮೆಎಣ್ಣೆ, ಚಹಾ ಎಂದು ಓಡಾಡುತ್ತಾನೆ. ಮೂರನೆಯ ತಿಂಗಳಿಗೆ ಹುಡುಗನಿಗೆ ಭಾನುವಾರ ಬಂದರೆ ತಲೆನೋವು. ‘ಯಪ್ಪಾ, ಇದು ಯಾವಾಗ ಓಡ್ತದ?’ ಎಂದು ಮಗ ಕೇಳುವ ಪ್ರಶ್ನೆಗೆ ‘ನೀ ಮಾಡಿದಾಗ’ ಎಂದು ಉತ್ತರಿಸಬಲ್ಲ ತಂದೆ ಅರ್ಧ ಗೆದ್ದ. ಒಂದು ಭಾಗವನ್ನಾದರೂ, ಉದಾಹರಣೆಗೆ ಕಾರ್ಬ್ಯುರೇಟರನ್ನು, ಆದಿಯಿಂದ ಅಂತ್ಯದವರೆಗೆ ಮಗುವಿಗೇ ವಹಿಸಬೇಕು. ಬಿಚ್ಚುವುದು, ಚಿತ್ರ ತೆಗೆಯುವುದು, ತೊಳೆಯುವುದು, ಜೋಡಿಸುವುದು ಎಲ್ಲವೂ ಅದರದೇ. ತಪ್ಪಾದರೆ ತಿರುಗಿ ಬಿಚ್ಚಲಿ. ತಂದೆಯ ಕೈ ತುರಿಸೀತು, ಜೇಬಿನಲ್ಲಿಟ್ಟುಕೊಳ್ಳಬೇಕು.

ಖರ್ಚಿನ ಪುಸ್ತಕವನ್ನೂ ಮಗುವೇ ಬರೆಯಲಿ. ಒಂದು ಗ್ಯಾಸ್ಕೆಟ್ಟಿನ ಬೆಲೆ, ಬಣ್ಣದವನ ಕೂಲಿ, ಬಸ್ಸಿನ ಚಾರ್ಜು ಎಲ್ಲವನ್ನೂ ತಾನೇ ಬರೆದು ಕೂಡಿಸಿದ ಹುಡುಗಿಗೆ ಮನೆಯ ಹಣದ ಮಿತಿ ಉಪದೇಶವಿಲ್ಲದೆ ತಿಳಿಯುತ್ತದೆ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸುವ ಅಭ್ಯಾಸ ಮೊದಲ ವಾರವೇ ಬೀಳಬೇಕು. ನೆನಪಿನ ಮೇಲೆ ಭರವಸೆಯಿಟ್ಟವರ ಮನೆಯಲ್ಲಿ ಕಾರು ಕಟ್ಟಿ ಮುಗಿದ ಮೇಲೂ ಒಂದು ಹಿಡಿ ನಟ್ಟು ಉಳಿಯುತ್ತದೆ.

ಬಹುದಿನ ನಿಂತು ಕಚ್ಚಿಕೊಂಡ ಎಂಜಿನ್ನನ್ನು ಒಮ್ಮೆಲೇ ಸ್ಟಾರ್ಟರಿನಿಂದ ತಿರುಗಿಸುವುದು ದೊಡ್ಡ ಅವಿವೇಕ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ತೂತುಗಳಲ್ಲಿ ತೆಳುವಾದ ಎಣ್ಣೆ ಹಾಕಿ, ದಿನಗಟ್ಟಲೆ ಕಾದು, ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಕಚ್ಚಿದ ಪಿಸ್ಟನ್ನು ಕೂದಲೆಳೆಯಷ್ಟು ಅಲುಗಿದ ದಿನ ಹಬ್ಬ. ಆಮೇಲೆ ಸರದಿ ಬ್ರೇಕಿನದು. ಎಂಜಿನ್ನಿನ ಸದ್ದು ಕೇಳುವ ಆತುರದಲ್ಲಿ ಬ್ರೇಕನ್ನು ಕಡೆಗೆ ಇಟ್ಟುಕೊಳ್ಳುವವರೇ ಹೆಚ್ಚು. ಓಡುವ ಮೊದಲು ನಿಲ್ಲುವುದನ್ನು ಕಲಿಸಬೇಕು ಎಂಬುದು ಗಾಡಿಗೂ ಮಕ್ಕಳಿಗೂ ಸಲ್ಲುವ ಮಾತು.

ಇಂಧನದ ವಿಷಯದಲ್ಲಿ ಇಂದಿನ ಕಾಲದ ಎಚ್ಚರವೊಂದು ಬೇಕು. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತಿದೆ. ಕಬ್ಬು ಬೆಳೆಯುವ ಆಳಂದ, ಅಫಜಲಪುರದವರಿಗೆ ಎಥನಾಲ್ ಅಪರಿಚಿತವಲ್ಲ. ಆದರೆ 1960ರ ದಶಕದ ರಬ್ಬರ್ ಹೋಸುಗಳಿಗೆ ಅದು ಅಪರಿಚಿತ. ಅವು ಉಬ್ಬಿ ಬಿರಿಯುತ್ತವೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ನಿಂತ ಗಾಡಿಯ ಟ್ಯಾಂಕಿನಲ್ಲಿ ತುಕ್ಕು ಹುಟ್ಟುತ್ತದೆ. ಹೋಸುಗಳನ್ನೆಲ್ಲ ಈ ಇಂಧನಕ್ಕೆ ತಾಳುವಂಥವುಗಳಿಂದ ಬದಲಿಸುವುದೊಂದೇ ಉಪಾಯ.

ಮೈಗೆ ಅಪಾಯ ಬರುವ ಕೆಲಸಗಳಲ್ಲಿ ಮಾತ್ರ ರಾಜಿಯಿಲ್ಲ. ಬರಿಯ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಕೂಡದು. ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡುಗಳಿರಲೇಬೇಕು. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಆ ಧೂಳನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಉಜ್ಜುವಾಗ ನೀರು ಹಾಕಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಳ್ಳಬೇಕು. ಖಾಲಿಯಾದ ಪೆಟ್ರೋಲ್ ಟ್ಯಾಂಕು ತುಂಬಿದ್ದಕ್ಕಿಂತ ಭಯಂಕರ; ಒಳಗೆ ನಿಂತ ಆವಿಗೆ ವೆಲ್ಡಿಂಗಿನ ಒಂದು ಕಿಡಿ ಸಾಕು. ಆ ಕೆಲಸ ಮನೆಯಲ್ಲಿ ಬೇಡವೇ ಬೇಡ.

ನಡುವೆ ಒಂದು ಪ್ರಯಾಣ

ಕೆಲಸ ನಡುಹಾದಿಯಲ್ಲಿ ಬೇಸರ ತರಿಸುವುದು ಸಹಜ. ಬಿಚ್ಚುವಾಗಿನ ಉತ್ಸಾಹ ಜೋಡಿಸುವಾಗ ಇರುವುದಿಲ್ಲ. ಅಂಥ ವೇಳೆ ಮುಗಿದ ಕೆಲಸವನ್ನು ಕಣ್ಣಾರೆ ನೋಡಿ ಬರುವುದು ಒಳ್ಳೆಯ ಔಷಧ. ಡಾ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳನ್ನು ಧರ್ಮಸ್ಥಳದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿಯೂ ಕಾಣಬಹುದು. ಖಜೂರಿಯಿಂದ ದೂರವೇ ಸರಿ. ದಸರೆಯ ರಜೆಯಲ್ಲಿ ಮೈಸೂರಿಗೆ ಹೋಗುವ ಸಂಸಾರಕ್ಕೆ ಅದು ದಾರಿಯಲ್ಲಿಯೇ ಸಿಕ್ಕುತ್ತದೆ.

ಹದಿನೆಂಟು ತುಂಬುವ ವೇಳೆಗೆ ಬಣ್ಣ ಮುಗಿಯದಿದ್ದರೆ ಚಿಂತೆಯಿಲ್ಲ, ಆಸನಕ್ಕೆ ಹೊಸ ಬಟ್ಟೆ ಬಾರದಿದ್ದರೂ ಚಿಂತೆಯಿಲ್ಲ. ಷಾಸಿ, ಬ್ರೇಕು, ಸ್ಟಿಯರಿಂಗು, ದೀಪ, ಕಾಗದ, ವಿಮೆ ಇವಿಷ್ಟು ಸರಿಯಾಗಿದ್ದರೆ ಸಾಕು. ಅಂದವನ್ನು ಆಮೇಲೆ ರಜೆಗಳಲ್ಲಿ ತುಂಬಿಕೊಳ್ಳಬಹುದು. ಚಂದದ ಬಣ್ಣ ಬಳಿದು ಬ್ರೇಕಿಲ್ಲದೆ ನಿಂತ ಕಾರಿಗಿಂತ, ಮಾಸಿದ ಬಣ್ಣದಲ್ಲಿ ಓಡಿ ಹೇಳಿದಲ್ಲಿ ನಿಲ್ಲುವ ಕಾರು ಸಾವಿರ ಪಾಲು ಮೇಲು.

ದುಡಿದವರಿಗೆ ಲೈಸೆನ್ಸು ಬಂದ ಮೇಲೆ, ಗಾಡಿಯನ್ನು ಮೊದಲು ರಸ್ತೆಗಿಳಿಸುವ ಹಕ್ಕು ಯಾರದೆಂಬ ಪ್ರಶ್ನೆ ಬರುತ್ತದೆ. ಹಣ ಕೊಟ್ಟವರು ತಂದೆತಾಯಿ, ಹೆಸರು ಅವರದು, ಆಸೆಯೂ ಮೊದಲು ಅವರದೇ. ಆದರೂ ಆ ದಿನ ಬಲಗಡೆಯ ಆಸನವನ್ನು ಬಿಟ್ಟುಕೊಟ್ಟು, ಎಡಗಡೆ ಕುಳಿತು, ಕಾಲಿನ ಕೆಳಗೆ ಇಲ್ಲದ ಬ್ರೇಕನ್ನು ಒತ್ತದೆ ಸುಮ್ಮನಿರಬಲ್ಲ ಹಿರಿಯರು ಎರಡು ವರ್ಷದಲ್ಲಿ ತಾವೂ ಒಂದಿಷ್ಟು ಕಲಿತಿದ್ದಾರೆಂದು ತಿಳಿಯಬಹುದು.